ತೋಟದ ದಿಮ್ಮಿಯಿಂದ ಒಣ ಹಲಗೆವರೆಗೆ: ಕೊಡಗಿನ ಸಣ್ಣ ಮಿಲ್ಲಿಗೊಂದು ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ಮರ ಒಣಗಿಸಲು ನಮಗೆ ಸಿಗುವುದು ಡಿಸೆಂಬರ್‌ನಿಂದ ಮೇ ತನಕದ ಆರು ತಿಂಗಳು, ಅಷ್ಟೇ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಗಾಳಿಯ ತೇವ ಎಷ್ಟೋ ದಿನ 90 ಪರ್ಸೆಂಟ್ ಮುಟ್ಟುತ್ತದೆ. ಅಂಥ ಗಾಳಿಯಲ್ಲಿ ಹಲಗೆಯನ್ನು ಎಷ್ಟು ವಾರ ಇಟ್ಟರೂ ಅದರೊಳಗಿನ ತೇವಾಂಶ 20 ಪರ್ಸೆಂಟ್ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಮೊದಲೇ ಒಣಗಿಸಿಟ್ಟ ಹಲಗೆಯೂ ವಾಪಸ್ ನೀರು ಎಳೆದುಕೊಳ್ಳುತ್ತದೆ. ಫೆಬ್ರವರಿ, ಮಾರ್ಚ್‌ನ ಒಣ ಹವೆಯಲ್ಲಿ ಅದೇ ಹಲಗೆ 12 ಪರ್ಸೆಂಟ್ ತನಕ ಇಳಿಯಬಲ್ಲದು. ಮಿಲ್ಲು ಎಷ್ಟೇ ಚೆನ್ನಾಗಿರಲಿ, ತಿಂಗಳ ಲೆಕ್ಕ ತಪ್ಪಿದರೆ ಒಳ್ಳೆಯ ಮರವೂ ಸೌದೆ ರೇಟಿಗೆ ಹೋಗುತ್ತದೆ.

ಹಾಗಾಗಿ ಕೆಲಸವನ್ನು ಹೀಗೆ ಹೊಂದಿಸಿಕೊಳ್ಳಿ. ಕಾಫಿ ಕೊಯ್ಲಿನ ಜೊತೆಜೊತೆಗೇ, ಅಂದರೆ ಡಿಸೆಂಬರ್, ಜನವರಿಯಲ್ಲಿ ಮರ ಇಳಿಸಿ. ಇಳಿಸಿದ ಎರಡು ಮೂರು ವಾರದೊಳಗೆ ಸೀಳಿ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬೀಳುವ ಮೊದಲೇ ಹಲಗೆ ಸೂರಿನ ಕೆಳಗೆ ಅಟ್ಟಿಯಾಗಿ ಕೂತಿರಬೇಕು. ತೋಟದ ನೆರಳು ಮರಗಳ ಕೊಂಬೆ ಸವರುವ ಮರಗಸಿಯ ಹೊತ್ತಿಗೆ, ಅಂದರೆ ಮಳೆ ಶುರುವಾಗುವ ಮುಂಚೆ, ಇಳಿಸಿದ ಮರವನ್ನು ಸೀಳಬಹುದು, ಆದರೆ ಅದು ಒಣಗುವುದು ಮುಂದಿನ ಬೇಸಿಗೆಗೇ. ನಡುವಿನ ತಿಂಗಳುಗಳಲ್ಲಿ ಬೂಷ್ಟು, ನೀಲಿ ಕಲೆ, ಹುಳ ಮೂರರಿಂದಲೂ ಹಲಗೆಯನ್ನು ಕಾಯಬೇಕಾಗುತ್ತದೆ.

ಊರು ನೋಡಿಯೂ ಲೆಕ್ಕ ಬದಲಾಗುತ್ತದೆ. ಭಾಗಮಂಡಲ, ನಾಪೋಕ್ಲು, ಶಾಂತಳ್ಳಿ ಕಡೆ ಒಣಗುವ ಕಾಲ ಇನ್ನೂ ಚಿಕ್ಕದು. ಕುಶಾಲನಗರದ ಕಡೆ ಮಳೆ ಎಷ್ಟೋ ಕಡಿಮೆ. ಮಿಲ್ಲು ಮಡಿಕೇರಿ ಹತ್ತಿರ ಇದ್ದರೂ ಕುಶಾಲನಗರದ ಕಡೆ ಒಂದು ಶೆಡ್ಡು ಸಿಕ್ಕಿದರೆ ಅಲ್ಲೇ ಒಣಗಿಸುವುದು ಲಾಭ. ಸಾಗಾಟದ ಖರ್ಚು ಒಡೆದ ಹಲಗೆಯ ನಷ್ಟಕ್ಕಿಂತ ಕಡಿಮೆಯೇ ಬೀಳುತ್ತದೆ.

ಮೊದಲು ಕಾಗದ

ಇದನ್ನು ಬೇಗ ಮುಗಿಸುತ್ತೇನೆ, ಆದರೆ ಬಿಟ್ಟುಬಿಡಬೇಡಿ. ಬಾಣೆ ಜಾಗದ (ಗದ್ದೆಗೆ ಹೊಂದಿಕೊಂಡು ಕೊಟ್ಟ ಕಾಡು ಜಾಗ) ಮರ ಆದರೆ ಜಾಗ ರಿಡೀಮ್ಡ್ (ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡದ್ದು) ಹೌದೋ ಅಲ್ಲವೋ ಅಂತ ಮೊದಲು ನೋಡಿ, ಮರದ ಮೇಲಿನ ಹಕ್ಕು ನಿಂತಿರುವುದೇ ಅದರ ಮೇಲೆ. ಕಡಿಯುವ ಅನುಮತಿ, ಸಾಗಿಸುವ ಪಾಸ್ ಎರಡನ್ನೂ ಅರಣ್ಯ ಇಲಾಖೆಯ ರೇಂಜ್ ಆಫೀಸಿನಲ್ಲಿ ಕೇಳಿ, ಬರಹದಲ್ಲೇ ತೆಗೆದುಕೊಳ್ಳಿ. ಸಿಲ್ವರ್ ಓಕ್‌ಗೆ ನಿಯಮ ಸಡಿಲ ಇದೆ. ಬೀಟೆ, ತೇಗ, ಹೊನ್ನೆ, ಶ್ರೀಗಂಧದ ವಿಷಯದಲ್ಲಿ ಸಡಿಲ ಅನ್ನುವುದೇ ಇಲ್ಲ ಅಂದುಕೊಳ್ಳಿ. ಮಿಲ್ಲು ಹಾಕಲೂ ಅರಣ್ಯ ಇಲಾಖೆಯ ಲೈಸೆನ್ಸ್ ಬೇಕು. ಸುಪ್ರೀಂ ಕೋರ್ಟಿನಲ್ಲಿ 1996ರಿಂದ ಕಾಡು ಉಳಿಸುವ ಕುರಿತ ಗೋದಾವರ್ಮನ್ ಪ್ರಕರಣದ ಆದೇಶಗಳು ಬಂದ ಮೇಲೆ ಇದು ತುಂಬ ಬಿಗಿಯಾಗಿದೆ. ತಳ್ಳಿಕೊಂಡು ಹೋಗುವ ಸಣ್ಣ ಬ್ಯಾಂಡ್ ಮಿಲ್ಲಿಗೆ (ಪಟ್ಟಿಯಂಥ ಬ್ಲೇಡು ಸುತ್ತುವ ಗರಗಸ) ಇದೆಲ್ಲ ಅನ್ವಯಿಸುವುದಿಲ್ಲ ಅಂತ ಮಾರುವವರು ಹೇಳಿದರೆ ನಂಬಬೇಡಿ, ನೀವೇ ಹೋಗಿ ಕೇಳಿ.

ಯಾವ ಮರ ಹೇಗೆ ನಡೆದುಕೊಳ್ಳುತ್ತದೆ

ತೋಟದಿಂದ ಅತಿ ಹೆಚ್ಚು ಬರುವುದು ಸಿಲ್ವರ್ ಓಕ್. ಬೇಗ ಒಣಗುತ್ತದೆ. ಆದರೆ ಡೊಂಕಾಗುವುದೂ ಬೇಗ, ಹುಳ ಹಿಡಿಯುವುದೂ ಬೇಗ. ಪ್ಲೈವುಡ್ಡಿಗೆ, ಪ್ಯಾಕಿಂಗ್ ಪೆಟ್ಟಿಗೆಗೆ ಅಂತ ಕೊಟ್ಟುಬಿಡುವವರೇ ಜಾಸ್ತಿ, ಅದು ನನಗೆ ಬೇಸರದ ವಿಷಯ. ಸರಿಯಾದ ದಿಕ್ಕಿನಲ್ಲಿ ಸೀಳಿದರೆ ಇದರ ಮೈಮೇಲೆ ಲೇಸ್ ಬಟ್ಟೆಯ ಹೆಣಿಗೆಯಂಥ ಚಿತ್ತಾರ ಏಳುತ್ತದೆ. ಅಂಥ ಹಲಗೆಗೆ ಪೀಠೋಪಕರಣ ಮಾಡುವವರು ಬೇರೆಯೇ ರೇಟು ಕೊಡುತ್ತಾರೆ. ಹೊರಗೆ ಮಳೆ ತಾಗುವ ಕಡೆ ಮಾತ್ರ ಇದನ್ನು ಬಳಸಬೇಡಿ. ಇದರ ಹುಡಿ ಕೆಲವರ ಮೈಗೆ ಆಗುವುದಿಲ್ಲ, ತುರಿಕೆ, ಗುಳ್ಳೆ ಏಳುತ್ತದೆ. ತುಂಬು ತೋಳಿನ ಅಂಗಿ, ಮಾಸ್ಕ್ ಇರಲಿ.

ಹಲಸು ಮತ್ತು ಹೆಬ್ಬಲಸು ನಮ್ಮ ಕೈಗೆ ಸಿಗುವ ಮರಗಳಲ್ಲೇ ಸಾಧು. ನಿಧಾನಕ್ಕೆ ಒಣಗಿದರೂ ಹೆಚ್ಚು ಡೊಂಕಾಗುವುದಿಲ್ಲ, ಚೇಗು, ಅಂದರೆ ಒಳಗಿನ ಗಟ್ಟಿ ಭಾಗ, ಬಾಳಿಕೆ ಬರುತ್ತದೆ. ಹಲಸಿನ ಹಾಲು ಬ್ಲೇಡಿಗೆ ಅಂಟಿಕೊಳ್ಳುತ್ತದೆ, ಆಗಾಗ ಡೀಸೆಲ್ ಬಟ್ಟೆಯಲ್ಲಿ ಒರೆಸಿದರೆ ಸಾಕು. ತೇಗ ಒಣಗಿಸುವುದು ಕಷ್ಟವಲ್ಲ, ಆದರೆ ಅದರಲ್ಲಿ ಮರಳಿನಂಥ ಸಿಲಿಕಾ ಇರುವುದರಿಂದ ಹಲ್ಲು ಬೇಗ ಮೊಂಡಾಗುತ್ತದೆ. ನಂದಿ ಮತ್ತು ಹೊನ್ನೆಗೆ ತಾಳ್ಮೆ ಬೇಕು. ಮತ್ತಿ ಎಲ್ಲಕ್ಕಿಂತ ಹಟಮಾರಿ. ಸ್ವಲ್ಪ ಬಿಸಿಲು, ಸ್ವಲ್ಪ ಗಾಳಿ ಜಾಸ್ತಿಯಾದರೂ ತುದಿಯಿಂದ ಒಡೆದುಕೊಂಡು ಬರುತ್ತದೆ. ಮೊದಲ ವರ್ಷ ಈ ಕೆಲಸಕ್ಕೆ ಕೈ ಹಾಕುವವರು ಮತ್ತಿಯನ್ನು ಬಿಟ್ಟು ಹಲಸು, ಸಿಲ್ವರ್ ಓಕ್‌ನಿಂದ ಶುರು ಮಾಡಿ.

ದಿಮ್ಮಿ ಬಂದ ದಿನವೇ ಮಾಡಬೇಕಾದ್ದು

ಮರ ತುದಿಯಿಂದಲೇ ಹೆಚ್ಚು ವೇಗವಾಗಿ ಒಣಗುತ್ತದೆ. ನೀರು ಸಾಗುವ ನಾಳಗಳ ಬಾಯಿ ಇರುವುದು ಅಲ್ಲೇ. ತುದಿಯ ಒಂದು ಅಡಿ ಒಣಗಿ ಕುಗ್ಗುತ್ತದೆ, ಒಳಗಿನದು ಇನ್ನೂ ಹಸಿಯಾಗಿ ಊದಿಕೊಂಡೇ ಇರುತ್ತದೆ, ಆ ಎಳೆದಾಟದಲ್ಲಿ ದಿಮ್ಮಿ ಸೀಳುತ್ತದೆ. ಕಡಿದ ದಿನವೇ ಎರಡೂ ತುದಿಗೆ ಏನಾದರೂ ದಪ್ಪಗೆ ಬಳಿಯಿರಿ. ಮೇಣದ ಎಮಲ್ಷನ್ ಸಿಕ್ಕಿದರೆ ಉತ್ತಮ, ಇಲ್ಲದಿದ್ದರೆ ಡಾಂಬರು ಅಥವಾ ಉಳಿದ ಆಯಿಲ್ ಪೈಂಟ್ ಎರಡು ಕೋಟ್. ವಾರ ಬಿಟ್ಟು ಬಳಿದರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ಬಿರುಕು ಶುರುವಾಗಿರುತ್ತದೆ. ದಿಮ್ಮಿಯನ್ನು ನೆಲಕ್ಕೆ ತಾಗಿಸದೆ ಎರಡು ಅಡ್ಡಮರದ ಮೇಲೆ, ನೆರಳಿನಲ್ಲಿ ಇಡಿ.

ಉದ್ದ ಕತ್ತರಿಸುವಾಗ ಬೇಕಾದ ಅಳತೆಗಿಂತ ನಾಲ್ಕೈದು ಇಂಚು ಹೆಚ್ಚೇ ಇಟ್ಟುಕೊಳ್ಳಿ. ಎಷ್ಟೇ ಬಳಿದರೂ ತುದಿ ಸ್ವಲ್ಪ ಹೋಗಿಯೇ ಹೋಗುತ್ತದೆ.

ಅಳತೆಯ ವಿಷಯ. ನಮ್ಮಲ್ಲಿ ವ್ಯಾಪಾರ ನಡೆಯುವುದು ಕಾಲು ಸುತ್ತಳತೆಯ ಲೆಕ್ಕದಲ್ಲಿ. ಸುತ್ತಳತೆಯನ್ನು ಇಂಚಿನಲ್ಲಿ ಹಿಡಿದು 4ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದ ಅಡಿಯಿಂದ ಗುಣಿಸಿ, 144ರಿಂದ ಭಾಗಿಸಿದರೆ ಸಿಎಫ್‌ಟಿ, ಅಂದರೆ ಘನ ಅಡಿ, ಸಿಗುತ್ತದೆ. 48 ಇಂಚು ಸುತ್ತಳತೆ, 10 ಅಡಿ ಉದ್ದ ಇದ್ದರೆ 10 ಸಿಎಫ್‌ಟಿ. ನಿಜಕ್ಕೂ ಆ ದಿಮ್ಮಿಯಲ್ಲಿರುವ ಮರ ಸುಮಾರು 12.7 ಸಿಎಫ್‌ಟಿ. ಸೀಳುವಾಗ ಹೋಗುವ ಹೊಟ್ಟು, ಸ್ಲ್ಯಾಬಿನ (ತೊಗಟೆ ಸೇರಿದ ಹೊರ ಹೋಳು) ಪಾಲನ್ನು ಈ ಲೆಕ್ಕ ಮೊದಲೇ ಸ್ವಲ್ಪ ಬಿಟ್ಟುಕೊಡುತ್ತದೆ. ಸಣ್ಣ ಬ್ಯಾಂಡ್ ಮಿಲ್ಲಿನಲ್ಲಿ ನೆಟ್ಟಗಿನ ದಿಮ್ಮಿಯ ಒಟ್ಟು ಮರದಲ್ಲಿ ಅರ್ಧ ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ ಹಲಗೆಯಾಗಿ ಕೈಗೆ ಬರುತ್ತದೆ. ಡೊಂಕು ದಿಮ್ಮಿ ಕೊಳ್ಳುವಾಗ ಇದನ್ನು ನೆನಪಿಟ್ಟು ಚೌಕಾಸಿ ಮಾಡಿ.

ಆಮೇಲೆ ಕಬ್ಬಿಣ. ತೋಟದ ಮರ ಅಂದರೆ ಬೇಲಿಯ ತಂತಿ, ಮೊಳೆ, ಬೋರ್ಡಿನ ಬೋಲ್ಟ್ ಒಳಗೆ ಸೇರಿಕೊಂಡಿರುತ್ತದೆ. ಕೋವಿ ಇರುವ ಊರು ನಮ್ಮದು, ಒಮ್ಮೊಮ್ಮೆ ಚರೆಯೂ ಸಿಗುತ್ತದೆ. ಸೀಸ ಮೆತ್ತಗಿರುವುದರಿಂದ ಬ್ಲೇಡಿಗೆ ಅಷ್ಟು ತೊಂದರೆ ಇಲ್ಲ. ಮೊಳೆ ಮಾತ್ರ ಒಂದೇ ಏಟಿಗೆ ಹಲ್ಲು ತೆಗೆಯುತ್ತದೆ. ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರ್ ಒಂದು ಇರಲಿ. ಅದಿಲ್ಲದಿದ್ದರೂ ತುದಿಯನ್ನು ನೋಡಿ. ಟ್ಯಾನಿನ್ ಇರುವ ಮರದಲ್ಲಿ ಕಬ್ಬಿಣ ಇದ್ದರೆ ತುದಿಯಲ್ಲಿ ನೀಲಿ ಬೆರೆತ ಕಪ್ಪು ಗೆರೆ ಕಾಣುತ್ತದೆ, ಶಾಯಿ ಇಳಿದಿರುವ ಹಾಗೆ. ಆ ಗೆರೆಯ ನೇರಕ್ಕೆ ಎಲ್ಲೋ ಮೊಳೆ ಇದೆ ಅಂತಲೇ ತಿಳಿಯಿರಿ. ಹೆಚ್ಚಾಗಿ ಅದು ಬುಡದಿಂದ ಆರು ಅಡಿಯೊಳಗೆ, ಮನುಷ್ಯನ ಕೈಗೆ ಎಟುಕುವ ಎತ್ತರದಲ್ಲೇ ಇರುತ್ತದೆ.

ಸೀಳುವುದು

ಯಾವ ಗರಗಸ ಅನ್ನುವುದು ಮೊದಲ ಪ್ರಶ್ನೆ. ಸಣ್ಣ ಬ್ಯಾಂಡ್ ಮಿಲ್ಲಿನ ಬ್ಲೇಡು ಒಂದು ಸೀಳಿಗೆ 2 ಮಿಲಿಮೀಟರ್ ಆಸುಪಾಸು ಮರ ತಿನ್ನುತ್ತದೆ. ಚೈನ್ ಸಾ 8 ಮಿಲಿಮೀಟರ್ ತಿನ್ನುತ್ತದೆ, ಅಂದರೆ ನಾಲ್ಕು ಸೀಳಿಗೆ 1 ಇಂಚಿನ ಒಂದು ಹಲಗೆಗಿಂತ ಜಾಸ್ತಿ ಹೊಟ್ಟಾಗಿ ಹೋಯಿತು. ಬೆಟ್ಟದ ಬದಿಯಿಂದ ದಿಮ್ಮಿ ಎಳೆಯಲು ಆಗದ ಕಡೆ ಚೈನ್ ಸಾ ಮಿಲ್ಲು ಸರಿ, ಉಳಿದ ಕಡೆ ಬ್ಯಾಂಡ್ ಮಿಲ್ಲೇ ಮೇಲು.

ದಿಮ್ಮಿಯನ್ನು ಮಿಲ್ಲಿಗೆ ಏರಿಸಿದ ಮೇಲೆ ಗಡಿಬಿಡಿಯಲ್ಲಿ ಮೋಟಾರು ಹಾಕಬೇಡಿ. ಎರಡೂ ತುದಿ ನೋಡಿ. ತಿರುಳಿನಿಂದ ಹೊರಗೆ ಒಂದು ಬಿರುಕು ಆಗಲೇ ಇದೆಯಾ? ಇದ್ದರೆ ಆ ಬಿರುಕು ಬ್ಲೇಡಿಗೆ ಸಮಾನಾಂತರವಾಗಿ ಮಲಗುವ ಹಾಗೆ ದಿಮ್ಮಿಯನ್ನು ಹೊರಳಿಸಿ. ಆಗ ಬಿರುಕು ಒಂದೆರಡು ಹಲಗೆಯಲ್ಲೇ ಮುಗಿಯುತ್ತದೆ. ನಿಲುವಾಗಿ ಬಿಟ್ಟರೆ ಪ್ರತಿ ಹಲಗೆಯೂ ನಡುವೆ ಎರಡು ಹೋಳು.

ತಿರುಳಿನ ಸುತ್ತ ಎರಡು ಮೂರು ಇಂಚು ಯಾವ ಮರದಲ್ಲೂ ಒಳ್ಳೆಯ ಹಲಗೆ ಕೊಡುವುದಿಲ್ಲ. ಅದು ಒಡೆಯುವ ಜಾಗ. ಆ ಭಾಗವನ್ನು ಚೌಕ ತೊಲೆಯಾಗಿ ಬೇರೆ ತೆಗೆದುಬಿಡಿ, ಶೆಡ್ಡಿನ ಕಂಬಕ್ಕೋ ಅಟ್ಟಿಯ ಕೆಳಗಿನ ತೊಲೆಗೋ ಆಗುತ್ತದೆ.

ಇನ್ನು ದಿಕ್ಕು. ಮರ ಒಣಗುವಾಗ ವರ್ಷದ ಉಂಗುರಗಳ ಉದ್ದಕ್ಕೆ ಎಷ್ಟು ಕುಗ್ಗುತ್ತದೋ, ಉಂಗುರಗಳಿಗೆ ಅಡ್ಡವಾಗಿ, ಅಂದರೆ ತಿರುಳಿನಿಂದ ತೊಗಟೆಯ ಕಡೆಗೆ, ಸುಮಾರು ಅದರ ಅರ್ಧ ಕುಗ್ಗುತ್ತದೆ. ಹಲಗೆ ಅಡ್ಡಕ್ಕೆ ಬಾಗುವುದು ಇದೇ ಕಾರಣಕ್ಕೆ. ಮೇಲಿನಿಂದ ಕೆಳಗೆ ಸೀದಾ ಸೀಳಿಕೊಂಡು ಹೋದರೆ ಕೆಲಸ ಬೇಗ, ಹಲಗೆ ಅಗಲ, ಆದರೆ ಬಾಗುವುದೂ ಜಾಸ್ತಿ. ದಿಮ್ಮಿಯನ್ನು ನಾಲ್ಕು ಪಾಲು ಮಾಡಿ ಪ್ರತಿ ಪಾಲನ್ನೂ ತಿರುಳಿನ ಕಡೆ ಮುಖ ಮಾಡಿ ಸೀಳಿದರೆ ಹಲಗೆ ಕಿರಿದಾಗುತ್ತದೆ, ಹೊಟ್ಟು ಹೆಚ್ಚುತ್ತದೆ, ಆದರೆ ಅಂಥ ಹಲಗೆ ನೆಟ್ಟಗೆ ನಿಲ್ಲುತ್ತದೆ. ಸಿಲ್ವರ್ ಓಕ್‌ನ ಆ ಚಿತ್ತಾರ ಕಾಣುವುದೂ ಹೀಗೆ ಸೀಳಿದಾಗಲೇ. ನನ್ನ ಅಭಿಪ್ರಾಯ ಕೇಳಿದರೆ, ಸುತ್ತಳತೆ ನಾಲ್ಕೂವರೆ, ಐದು ಅಡಿ ದಾಟಿದ ಸಿಲ್ವರ್ ಓಕ್ ದಿಮ್ಮಿಯನ್ನು ಸೀದಾ ಸೀಳುವುದು ದುಂದು. ಸಣ್ಣ ದಿಮ್ಮಿಗೆ ಈ ಪಾಡು ಬೇಡ.

ಬಾಗಿ ಬೆಳೆದ ಮರ, ಇಳಿಜಾರಿನಲ್ಲಿ ವಾಲಿ ನಿಂತಿದ್ದ ಮರ ಒಳಗೆ ಬಿಗಿತ ಹಿಡಿದುಕೊಂಡಿರುತ್ತದೆ. ಮೊದಲ ಹಲಗೆ ಬಿಟ್ಟುಕೊಂಡ ಕೂಡಲೇ ಉಳಿದ ದಿಮ್ಮಿ ಬಿಲ್ಲಾಗಿ ಏಳುವುದನ್ನು ಕಣ್ಣಾರೆ ನೋಡಬಹುದು. ಒಂದೇ ಕಡೆಯಿಂದ ಸೀಳುತ್ತಾ ಹೋದರೆ ಹಲಗೆ ಒಂದು ತುದಿಯಲ್ಲಿ ದಪ್ಪ, ಇನ್ನೊಂದರಲ್ಲಿ ತೆಳು. ಒಂದೆರಡು ಹಲಗೆ ತೆಗೆದ ಮೇಲೆ ದಿಮ್ಮಿಯನ್ನು ಪೂರ್ತಿ ಮಗುಚಿ, ಎದುರಿನ ಕಡೆಯಿಂದ ಅಷ್ಟೇ ತೆಗೆಯಿರಿ. ಬಿಗಿತ ಎರಡೂ ಕಡೆ ಸಮವಾಗಿ ಸಡಿಲುತ್ತದೆ.

ದಪ್ಪ ಎಷ್ಟಿರಬೇಕು? ಒಣಗಿ, ಮೈ ನುಣುಪಾಗಲು ತೋಪಡ ಹೊಡೆದ ಮೇಲೆ 1 ಇಂಚು ಬೇಕಾದರೆ ಹಸಿಯಲ್ಲಿ 29ರಿಂದ 30 ಮಿಲಿಮೀಟರ್ ಸೀಳಿ. ಅಗಲದಲ್ಲೂ ಬಿಡಬೇಕು. ಸೀದಾ ಸೀಳಿದ 10 ಇಂಚಿನ ಹಲಗೆ ಒಣಗಿದಾಗ ಮರ ಯಾವುದು ಅನ್ನುವುದರ ಮೇಲೆ ಕಾಲಿನಿಂದ ಅರ್ಧ ಇಂಚಿನವರೆಗೂ ಕುಗ್ಗಬಹುದು. ಒಂದು ಅಟ್ಟಿಗೆ ಹೋಗುವ ಎಲ್ಲ ಹಲಗೆಯೂ ಒಂದೇ ದಪ್ಪ ಇರಲಿ, ಇದು ಮುಂದೆ ತುಂಬ ಉಪಯೋಗಕ್ಕೆ ಬರುತ್ತದೆ.

ಬ್ಲೇಡಿನ ಮಾತು ಕೇಳಿಸಿಕೊಳ್ಳಿ. ಚೂಪಾದ ಬ್ಲೇಡಿನ ಸದ್ದು ಒಂದೇ ಸಮ ಇರುತ್ತದೆ, ಹೊಟ್ಟು ಸಣ್ಣ ಚೂರಿನಂತೆ ಬೀಳುತ್ತದೆ. ಹೊಟ್ಟು ಹಿಟ್ಟಿನ ಹಾಗೆ ನುಣ್ಣಗಾಗಿ ಬಿಸಿ ಬರುತ್ತಿದೆ, ಸದ್ದು ಕಿರುಚುತ್ತಿದೆ ಅಂದರೆ ಹಲ್ಲು ಮೊಂಡಾಗಿದೆ. ಹಲಗೆಯ ಮೈ ಅಲೆ ಅಲೆಯಾಗಿ ಬಂದರೆ ಕಾರಣ ಮೂರೇ: ಮೊಂಡು ಹಲ್ಲು, ಸಡಿಲ ಬ್ಲೇಡು, ಇಲ್ಲ ನಾವು ತಳ್ಳುತ್ತಿರುವ ವೇಗ. ಮತ್ತಿ, ನಂದಿಯಂಥ ಗಟ್ಟಿ ಮರಕ್ಕೆ ಹಲ್ಲಿನ ಓರೆ ಕಡಿಮೆ ಇರುವ ಬ್ಲೇಡು ಹಾಕಿ, ನಿಧಾನ ತಳ್ಳಿ. ಬ್ಲೇಡಿನ ಮೇಲೆ ಸ್ವಲ್ಪ ಸೋಪು ಬೆರೆಸಿದ ನೀರು ತೊಟ್ಟಿಕ್ಕುತ್ತಾ ಇರಲಿ. ಓಡುವ ಬ್ಲೇಡಿನ ನೇರಕ್ಕೆ ಯಾರೂ ನಿಲ್ಲಬಾರದು. ತುಂಡಾದ ಬ್ಲೇಡು ಎಲ್ಲಿಗೆ ಹಾರುತ್ತದೆ ಅಂತ ಹೇಳಲಾಗುವುದಿಲ್ಲ.

ಹುಳಕ್ಕೆ ಮದ್ದು

ಹಲಗೆಯಿಂದ ನುಣ್ಣನೆ ಹುಡಿ ಉದುರಿಸುವ ಕುಟ್ಟೆ ಹುಳಕ್ಕೆ ಬೇಕಾದ್ದು ತೊಗಟೆಯ ಒಳಗಿನ ಬಿಳಿ ಭಾಗದ ಪಿಷ್ಟ. ಚೇಗಿಗೆ ಅದು ಬರುವುದು ಅಪರೂಪ. ಸಿಲ್ವರ್ ಓಕ್ ಮತ್ತು ಬೇರೆ ಮರಗಳ ಬಿಳಿ ಭಾಗಕ್ಕೆ ಬೋರಾಕ್ಸ್, ಬೋರಿಕ್ ಆಸಿಡ್ ಮಿಶ್ರಣ ಅಗ್ಗ ಮತ್ತು ಒಳ್ಳೆಯದು. 100 ಲೀಟರ್ ನೀರಿಗೆ 3 ಕಿಲೋ ಬೋರಾಕ್ಸ್, 2 ಕಿಲೋ ಬೋರಿಕ್ ಆಸಿಡ್. ಬಿಸಿ ನೀರಿನಲ್ಲಿ ಬೇಗ ಕರಗುತ್ತದೆ. ಸೀಳಿದ ದಿನವೇ, ಹಲಗೆ ಹಸಿ ಇರುವಾಗಲೇ ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿ ತೆಗೆಯಿರಿ. ಈ ಮದ್ದು ಮರದೊಳಗಿನ ನೀರಿನ ದಾರಿಯಲ್ಲೇ ಒಳಗೆ ಹರಡುವುದು, ಒಣಗಿದ ಹಲಗೆಗೆ ಬಳಿದರೆ ಮೈಮೇಲೇ ಉಳಿಯುತ್ತದೆ. ಮಳೆಗೆ ತೊಳೆದುಹೋಗುತ್ತದೆ, ಹಾಗಾಗಿ ಮನೆಯೊಳಗಿನ ಸಾಮಾನಿಗೆ ಮಾತ್ರ. ಗ್ಲೌಸ್ ಹಾಕಿಕೊಳ್ಳಿ, ತೊಟ್ಟಿಯ ನೀರನ್ನು ತೋಡಿಗೆ ಬಿಡಬೇಡಿ.

ಅಟ್ಟಿ ಹಾಕುವುದು

ಇಲ್ಲಿ ಸೋಮಾರಿತನ ಮಾಡಿದರೆ ಹಿಂದೆ ಮಾಡಿದ್ದೆಲ್ಲ ವ್ಯರ್ಥ. ಒಂದು ಮಾತು ಮೊದಲೇ ಹೇಳುತ್ತೇನೆ: ಕಾಫಿ ಕಣ ಖಾಲಿ ಇದೆ, ಬಿಸಿಲೂ ಚೆನ್ನಾಗಿದೆ ಅಂತ ಹಲಗೆಯನ್ನು ಕಣದಲ್ಲಿ ಹರಡಬೇಡಿ. ಬಿಸಿಲಿಗೆ ಮೇಲ್ಮೈ ಎರಡೇ ದಿನದಲ್ಲಿ ಒಣಗಿ ಕುಗ್ಗಲು ನೋಡುತ್ತದೆ, ಒಳಗಿನ ಹಸಿ ಮರ ಬಿಡುವುದಿಲ್ಲ, ಮೈ ತುಂಬ ಕೂದಲೆಳೆ ಬಿರುಕು ಬೀಳುತ್ತದೆ. ಎಷ್ಟೋ ಸಲ ಆ ಬಿರುಕು ಆಮೇಲೆ ಮುಚ್ಚಿಕೊಂಡು ಕಾಣದಂತಾಗುತ್ತದೆ, ಪಾಲಿಶ್ ಹೊಡೆದಾಗ ಮತ್ತೆ ಎದ್ದು ಕಾಣುತ್ತದೆ.

ಜಾಗ ಹೀಗಿರಲಿ. ಮೇಲೆ ಶೀಟು, ನಾಲ್ಕೂ ಕಡೆ ಗಾಳಿ, ಸೂರು ಎರಡು ಮೂರು ಅಡಿ ಹೊರಗೆ ಚಾಚಿರಬೇಕು. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಸಿಮೆಂಟ್ ಬ್ಲಾಕ್ ಇಟ್ಟು, ಅದರ ಮೇಲೆ ದಪ್ಪ ತೊಲೆ. ತೊಲೆಗಳ ಮೇಲ್ಮೈ ದಾರ ಹಿಡಿದು ಒಂದೇ ಮಟ್ಟಕ್ಕೆ ತನ್ನಿ. ತಳ ತಿರುಚಿದ್ದರೆ ಅದರ ಮೇಲಿನ ಹಲಗೆಯೆಲ್ಲ ಅದೇ ತಿರುಚಿನಲ್ಲಿ ಒಣಗಿ ಗಟ್ಟಿಯಾಗುತ್ತದೆ.

ಹಲಗೆಯ ಸಾಲುಗಳ ನಡುವೆ ಇಡುವ ಅಡ್ಡಪಟ್ಟಿ 1 ಇಂಚು ಚೌಕದ್ದಿರಲಿ, ಎಲ್ಲವೂ ಒಂದೇ ದಪ್ಪ, ಮತ್ತು ಪೂರ್ತಿ ಒಣಗಿದ್ದು. ಹಸಿ ಪಟ್ಟಿ ಇಟ್ಟರೆ ಅದು ತಾಗಿದ ಕಡೆಯೆಲ್ಲ ಹಲಗೆಯಲ್ಲಿ ಕಪ್ಪು ಅಡ್ಡ ಕಲೆ ಬೀಳುತ್ತದೆ, ಅದು ತೋಪಡಕ್ಕೂ ಹೋಗುವುದಿಲ್ಲ. 1 ಇಂಚಿನ ಹಲಗೆಗೆ ಒಂದೂವರೆ ಅಡಿಗೊಂದು ಪಟ್ಟಿ. ಸಿಲ್ವರ್ ಓಕ್‌ಗೆ ಒಂದು ಅಡಿಗೊಂದು ಇಟ್ಟರೂ ಹೆಚ್ಚಲ್ಲ. ಎರಡೂ ತುದಿಯಲ್ಲಿ ಪಟ್ಟಿ ಹಲಗೆಯ ಅಂಚಿಗೇ ಬರಲಿ. ಕೆಳಗಿನಿಂದ ಮೇಲಿನವರೆಗೆ ಪಟ್ಟಿಗಳು ಒಂದರ ಮೇಲೊಂದು ನೇರ ಸಾಲಿನಲ್ಲಿರಬೇಕು, ಭಾರ ಅವುಗಳ ಮೂಲಕವೇ ತೊಲೆಗೆ ಇಳಿಯಬೇಕು. ಒಂದು ಪಟ್ಟಿ ನಾಲ್ಕು ಇಂಚು ಆಚೀಚೆ ಹೋದರೂ ಅಲ್ಲಿ ಹಲಗೆ ಜೋತುಬೀಳುತ್ತದೆ. ಪಕ್ಕಪಕ್ಕದ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು ಬಿಡಿ.

ಅಟ್ಟಿ ಮುಗಿದ ಮೇಲೆ ಮೇಲೆ ಭಾರ. ಸಿಮೆಂಟ್ ಬ್ಲಾಕ್ ಸಾಲಾಗಿ ಇಟ್ಟರೆ ಆಯಿತು. ಭಾರ ಇಲ್ಲದಿದ್ದರೆ ಮೇಲಿನ ನಾಲ್ಕೈದು ಸಾಲು ಕೈಬಿಟ್ಟ ಹಾಗೆಯೇ.

ಮೊದಲ ಮೂರು ವಾರ ಹಲಗೆಯನ್ನು ಜೋಪಾನ ಮಾಡುವ ಕಾಲ. ಮಾರ್ಚ್ ಮಧ್ಯಾಹ್ನದ ಒಣ ಗಾಳಿ ಮತ್ತಿ, ನಂದಿ, ಹೊನ್ನೆಗೆ ಹೊಡೆಯಬಾರದು. ಕಾಫಿ ನರ್ಸರಿಯ ಶೇಡ್ ನೆಟ್ ಎಲ್ಲರ ಹತ್ತಿರವೂ ಇರುತ್ತದೆ ಅಲ್ವಾ, ಅದನ್ನೇ ಅಟ್ಟಿಯ ನಾಲ್ಕೂ ಕಡೆ ಇಳಿಬಿಡಿ. ಗಾಳಿ ಆಡುತ್ತದೆ, ರಭಸ ಮುರಿಯುತ್ತದೆ. ತುದಿಗಳಿಗೆ ಮತ್ತೆ ಮೇಣವೋ ಪೈಂಟೋ ಬಳಿಯಿರಿ. ಸಿಲ್ವರ್ ಓಕ್ ಇದಕ್ಕೆ ಪೂರ್ತಿ ಉಲ್ಟಾ. ಅದಕ್ಕೆ ಮೊದಲ ದಿನದಿಂದಲೇ ಗಾಳಿ ಬೇಕು, ಇಲ್ಲದಿದ್ದರೆ ನೀಲಿ ಕಲೆ ಹತ್ತುತ್ತದೆ. ಫ್ಯಾನ್ ಇಡುವುದಾದರೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕ ಸಾಕು. ರಾತ್ರಿಯ ಮಂಜಿನ ಗಾಳಿಯನ್ನು ಅಟ್ಟಿಯೊಳಗೆ ನುಗ್ಗಿಸಿ ಏನು ಬಂತು? ಒಂದೇ ಅಟ್ಟಿಯಲ್ಲಿ ಎರಡು ಜಾತಿ ಮರ ಬೆರೆಸಬೇಡಿ, ಒಂದಕ್ಕೆ ಹಿತವಾದದ್ದು ಇನ್ನೊಂದನ್ನು ಒಡೆಯುತ್ತದೆ.

ಒಣಗಿತಾ ಅಂತ ತಿಳಿಯುವುದು

ತಟ್ಟಿ ನೋಡಿ, ಎತ್ತಿ ನೋಡಿ ಹೇಳುವವರಿದ್ದಾರೆ. ಅವರ ಅನುಭವಕ್ಕೆ ಗೌರವ ಇದೆ, ಆದರೆ 18 ಪರ್ಸೆಂಟಿಗೂ 13 ಪರ್ಸೆಂಟಿಗೂ ಇರುವ ವ್ಯತ್ಯಾಸ ಕೈಗೆ ಸಿಗುವುದಿಲ್ಲ. ಮರಕ್ಕೆ ಚುಚ್ಚಿ ತೇವಾಂಶ ಅಳೆಯುವ ಮುಳ್ಳಿನ ಮೀಟರ್ ಒಂದು ಕೊಳ್ಳಿ. ಅಳೆಯುವಾಗ ಹಲಗೆಯ ತುದಿಯಲ್ಲಿ ಚುಚ್ಚಬೇಡಿ. ತುದಿಯಿಂದ ಒಂದು ಅಡಿ ಒಳಗೆ ಅಡ್ಡ ಕತ್ತರಿಸಿ, ಹೊಸ ಮುಖದ ನಡುವೆ ಚುಚ್ಚಿ.

ಮೀಟರಿನ ಮೇಲೆ ಅನುಮಾನ ಇದ್ದರೆ ಒಲೆಯ ಪರೀಕ್ಷೆ. ಹಲಗೆಯ ನಡುವಿನಿಂದ 1 ಇಂಚು ಉದ್ದದ ತುಂಡು ಕತ್ತರಿಸಿ ಕೂಡಲೇ ತೂಗಿ. ಓವನ್‌ನಲ್ಲಿ 103 ಡಿಗ್ರಿಯಲ್ಲಿ, ತೂಕ ಇನ್ನು ಇಳಿಯದು ಅನ್ನುವ ತನಕ ಇಟ್ಟು ಮತ್ತೆ ತೂಗಿ. ಇಳಿದ ತೂಕವನ್ನು ಒಣ ತೂಕದಿಂದ ಭಾಗಿಸಿ 100ರಿಂದ ಗುಣಿಸಿ. 186 ಗ್ರಾಂ ಇದ್ದದ್ದು 124 ಗ್ರಾಮಿಗೆ ಇಳಿದರೆ 50 ಪರ್ಸೆಂಟ್. ಇಂಥ ಮರ ಇನ್ನೂ ಕುಗ್ಗಲು ಶುರುವೇ ಮಾಡಿಲ್ಲ. ಕುಗ್ಗುವುದು 30 ಪರ್ಸೆಂಟಿಗಿಂತ ಕೆಳಗೆ ಇಳಿದ ಮೇಲೆ. 20ಕ್ಕಿಂತ ಕೆಳಗೆ ಹೋದರೆ ಬೂಷ್ಟಿನ ಭಯ ಇಲ್ಲ.

ಎಷ್ಟಕ್ಕೆ ನಿಲ್ಲಿಸಬೇಕು ಅನ್ನುವುದು ಹಲಗೆ ಎಲ್ಲಿಗೆ ಹೋಗುತ್ತದೆ ಅನ್ನುವುದರ ಮೇಲೆ. ಕೊಡಗಿನ ಮನೆಯ ಬಾಗಿಲು, ಕಿಟಕಿಗೆ 14 ಸಾಕು. ಬೆಂಗಳೂರಿನ ಮನೆಯೊಳಗಿನ ಮೇಜು, ಕಪಾಟಿಗೆ 10ರಿಂದ 12 ಬೇಕು. ಡಿಸೆಂಬರ್ ಕೊನೆಗೆ ಸೀಳಿದ 1 ಇಂಚಿನ ಸಿಲ್ವರ್ ಓಕ್ ಬೇಸಿಗೆ ಮುಗಿಯುವುದರೊಳಗೆ ಹದಕ್ಕೆ ಬರುತ್ತದೆ. 2 ಇಂಚಿನ ಹಲಸು, ನಂದಿ ಒಂದು ಬೇಸಿಗೆಯಲ್ಲಿ ಆಗುವ ಕೆಲಸವಲ್ಲ.

ಸೋಲಾರ್ ಒಣಮನೆ

10 ಪರ್ಸೆಂಟಿಗೆ ಇಳಿಸಬೇಕಾದರೆ ಬರೀ ಗಾಳಿಯಿಂದ ಕಷ್ಟ. ಆಗ ಪಾಲಿಹೌಸ್ ಶೀಟಿನ ಸಣ್ಣ ಒಣಮನೆ ಕಟ್ಟಿಕೊಳ್ಳಬಹುದು. ಮಾಡು ದಕ್ಷಿಣಕ್ಕೆ ಇಳಿಜಾರು, 200 ಮೈಕ್ರಾನ್ ಯುವಿ ಶೀಟು, ಒಳಗೆ ಮಾಡಿನ ಕೆಳಗೆ ಕಪ್ಪು ಬಣ್ಣ ಹೊಡೆದ ತಗಡು. ಆ ತಗಡಿನ ಮೇಲಿನ ಬಿಸಿ ಗಾಳಿಯನ್ನು ಒಂದೆರಡು ಫ್ಯಾನ್ ಅಟ್ಟಿಯೊಳಗೆ ದೂಡುತ್ತವೆ. ಹಿಂಬದಿ ಗೋಡೆಯಲ್ಲಿ ಮೇಲೊಂದು, ಕೆಳಗೊಂದು ಕಿಂಡಿ. ಹಲಗೆ ಹಸಿ ಇರುವಾಗ ಕಿಂಡಿ ಕಿರಿದಾಗಿ ಇಡಿ, ಒಳಗಿನ ಗಾಳಿ ತೇವವಾಗಿದ್ದರೆ ಮೇಲ್ಮೈ ಒಡೆಯುವುದಿಲ್ಲ. ಒಣಗುತ್ತಾ ಬಂದ ಹಾಗೆ ತೆರೆಯಿರಿ. ರಾತ್ರಿ ಬಿಸಿ ಇಳಿದಾಗ ಒಳಗಿನ ತೇವ ಹೊರಮೈಗೆ ಬಂದು ಬಿಗಿತ ಸಡಿಲುತ್ತದೆ. ಹಾಗಾಗಿ ಈ ಒಣಮನೆ ಗಟ್ಟಿ ಮರದ ಜೊತೆ ಬಾಯ್ಲರ್ ಕಿಲ್ನ್‌ಗಿಂತ (ಹಬೆಯ ಬಿಸಿಯಲ್ಲಿ ಒಣಗಿಸುವ ಕೋಣೆ) ಮೃದುವಾಗಿ ನಡೆದುಕೊಳ್ಳುತ್ತದೆ. ಸೂರಿನ ಕೆಳಗೆ 25 ಪರ್ಸೆಂಟ್ ತನಕ ಇಳಿದ ಹಲಗೆಯನ್ನು ಮಾತ್ರ ಇದರೊಳಗೆ ಹಾಕಿ, ಮೀಟರ್ ನೋಡುತ್ತಾ ಇರಿ. ಜುಲೈನಲ್ಲಿ ಇದರಿಂದ ಹೆಚ್ಚು ನಿರೀಕ್ಷೆ ಬೇಡ.

ಮಳೆಗಾಲ ದಾಟಿಸುವುದು

ಮೇ ಮೂರನೇ ವಾರದೊಳಗೆ ಲೆಕ್ಕ ಹಾಕಿ. ಹದಕ್ಕೆ ಬಂದ ಹಲಗೆಯನ್ನು ಅಟ್ಟಿಯಿಂದ ಇಳಿಸಿ, ನಡುವೆ ಪಟ್ಟಿ ಇಲ್ಲದೆ ಒತ್ತಾಗಿ ಜೋಡಿಸಿ, ಮೇಲೂ ಕೆಳಗೂ ದಪ್ಪ ಪಾಲಿಥಿನ್ ಸುತ್ತಿ, ಒಳಕೋಣೆಯಲ್ಲಿ ನೆಲದಿಂದ ಎತ್ತರಕ್ಕೆ ಇಡಿ. ಒತ್ತಾಗಿ ಕೂತ ಹಲಗೆ ತೇವ ಎಳೆದುಕೊಳ್ಳುವುದು ತುಂಬ ನಿಧಾನ. ಇನ್ನೂ 20ಕ್ಕಿಂತ ಜಾಸ್ತಿ ಇರುವುದನ್ನು ಮಾತ್ರ ಹೀಗೆ ಸುತ್ತಬೇಡಿ, ಒಳಗೇ ಬೂಷ್ಟು ಬರುತ್ತದೆ. ಅದು ಪಟ್ಟಿಯ ಮೇಲೆ, ಸೂರಿನ ಕೆಳಗೇ ಇರಲಿ. ಎರಚಲು ಹೊಡೆಯುವ ಪಶ್ಚಿಮದ ಕಡೆ ಟಾರ್ಪಾಲು ಕಟ್ಟಿ, ಉಳಿದ ಮೂರು ಕಡೆ ತೆರೆದಿಡಿ. ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಅಟ್ಟಿಯ ಬುಡ ನೋಡಿ. ನುಣ್ಣನೆ ಹುಡಿಯ ಸಣ್ಣ ಗುಪ್ಪೆ ಕಂಡರೆ ಅದರ ಮೇಲಿನ ಹಲಗೆಯನ್ನು ಅವತ್ತೇ ಬೇರೆ ಮಾಡಿ.

ಪ್ರತಿ ಅಟ್ಟಿಗೂ ಮರದ ಹೆಸರು, ಸೀಳಿದ ತಾರೀಕು, ಹಸಿಯ ದಪ್ಪ, ಕೊನೆಯ ಮೀಟರ್ ಓದು ಬರೆದ ಚೀಟಿ ಹೊಡೆಯಿರಿ. ಪರ್ಮಿಟ್ ನಂಬರನ್ನೂ ಅದರಲ್ಲೇ ಬರೆಯಿರಿ, ತಪಾಸಣೆಗೆ ಬಂದಾಗ ಹುಡುಕಾಡಬೇಕಾಗಿಲ್ಲ. ಆಚಾರಿಗೆ ಹಲಗೆ ಕೊಟ್ಟ ಮೇಲೆ ಅವರ ಕೆಲಸದ ಜಾಗದಲ್ಲೇ ಪಟ್ಟಿ ಇಟ್ಟು ಎರಡು ವಾರ ಬಿಟ್ಟು, ಆಮೇಲೆ ತೋಪಡ ಹೊಡೆಯಲು ಹೇಳಿ.